ಹರಳಿನ ಕೋನ ಅಳೆಯುವುದು, ಅಳೆದದ್ದನ್ನು ಬರೆಯುವುದು

(ತುಮಕೂರಿನಲ್ಲಿ ಭೂವಿಜ್ಞಾನದ ವಿದ್ಯಾರ್ಥಿಗಳು ಮತ್ತು ವಿಜ್ಞಾನ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ)

ಮೇಜಿನ ಮೇಲೆ ಬೆಣಚುಕಲ್ಲಿನ ಎರಡು ಹರಳುಗಳಿವೆ. ಒಂದು ಉದ್ದಕ್ಕೆ, ತೆಳ್ಳಗೆ ಬೆಳೆದಿದೆ. ಇನ್ನೊಂದು ಗಿಡ್ಡ, ಒಂದು ಮಗ್ಗುಲಲ್ಲಿ ಚಪ್ಪಟೆ. ಗಿಡ್ಡದರ ಪಕ್ಕದ ಆರು ಮುಖಗಳನ್ನು ನೋಡಿ, ಯಾವ ಎರಡೂ ಒಂದೇ ಅಗಲ ಇಲ್ಲ. ಸ್ಕೇಲ್ ಹಿಡಿದು ಉದ್ದ ಅಗಲ ಬರೆದುಕೊಂಡರೆ ಇವೆರಡೂ ಒಂದೇ ಖನಿಜ ಎಂದು ಹೇಳುವುದಕ್ಕೆ ಏನೂ ಸಿಗುವುದಿಲ್ಲ. ಕೋನ ಅಳೆಯಿರಿ: ಪಕ್ಕದ ಮುಖದಿಂದ ಪಕ್ಕದ ಮುಖಕ್ಕೆ ಎರಡರಲ್ಲೂ 60 ಡಿಗ್ರಿ, ಪಕ್ಕದ ಮುಖದಿಂದ ತುದಿಯ ಇಳಿಜಾರು ಮುಖಕ್ಕೆ ಎರಡರಲ್ಲೂ 38 ಡಿಗ್ರಿ 13 ಮಿನಿಟು (ಒಂದು ಡಿಗ್ರಿಗೆ 60 ಮಿನಿಟು; ಇವು ಹೊರಕೋನಗಳು, ಹಾಗೆಂದರೇನೆಂದು ಮುಂದೆ ಹೇಳುತ್ತೇನೆ). ಮುಖ ಎಷ್ಟು ದೊಡ್ಡದಾಗಿ ಬೆಳೆಯಿತು ಎನ್ನುವುದು ಆ ಹರಳಿಗೆ ಸಿಕ್ಕ ಜಾಗ ಮತ್ತು ದ್ರಾವಣಕ್ಕೆ ಬಿಟ್ಟದ್ದು. ಯಾವ ದಿಕ್ಕಿಗೆ ಬೆಳೆಯಿತು ಎನ್ನುವುದು ಒಳಗಿನ ಅಣುಜೋಡಣೆಗೆ ಸೇರಿದ್ದು, ಅದು ಜಾಗ ನೋಡಿ ಬದಲಾಗುವುದಿಲ್ಲ. ಡೆನ್ಮಾರ್ಕಿನ ನಿಕೊಲಾಸ್ ಸ್ಟೆನೊ 1669ರಲ್ಲಿ ಬೆಣಚುಕಲ್ಲಿನ ಬಗ್ಗೆ ಇದನ್ನು ಹೇಳಿದ. ಫ್ರಾನ್ಸಿನ ರೋಮೆ ದ ಲಿಲ್ 1783ರಲ್ಲಿ ಹಲವಾರು ಖನಿಜಗಳನ್ನು ಅಳೆದು, ಇದು ಎಲ್ಲ ಹರಳುಗಳಿಗೂ ಅನ್ವಯಿಸುವ ನಿಯಮ ಎಂದು ತೋರಿಸಿಕೊಟ್ಟ. ಒಂದು ಷರತ್ತು ಇದೆ, ಉಷ್ಣತೆ ಒಂದೇ ಇರಬೇಕು. ಕ್ಯಾಲ್ಸೈಟನ್ನು 0ಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ಸೀಳುಮುಖಗಳ, ಅಂದರೆ ಒಡೆದಾಗ ನುಣುಪಾಗಿ ಸೀಳಿ ಬರುವ ಮುಖಗಳ, ಕೋನ ಸುಮಾರು 8 ಮಿನಿಟು ಸರಿಯುತ್ತದೆ. ನಾವು ಇಂದು ಕೈಯಲ್ಲಿ ಹಿಡಿಯುವ ಉಪಕರಣಕ್ಕೆ ಅದು ಕಾಣುವುದಿಲ್ಲ, ಆದರೆ ತಿಳಿದಿರಲಿ.

ಇವತ್ತಿನ ಮುಖ್ಯ ಉದಾಹರಣೆ ಕುರುಂದ. ತುಮಕೂರು, ಹಾಸನ, ಮೈಸೂರು ಜಿಲ್ಲೆಗಳಲ್ಲಿ ಸಿಗುವ ಖನಿಜ, ಅಲ್ಯೂಮಿನಿಯಂ ಆಕ್ಸೈಡ್, ಗಡಸುತನ 10ರ ಮೋಸ್ ಮಾಪಕದಲ್ಲಿ 9. ಇದನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಪಠ್ಯಪುಸ್ತಕದಲ್ಲಿ ಬರುವ ಹರಳು ನುಣುಪಾಗಿ, ಅಚ್ಚುಕಟ್ಟಾಗಿ ಇರುತ್ತದೆ. ನಮ್ಮ ಕಡೆಯ ಕುರುಂದ ಹಾಗಿರುವುದಿಲ್ಲ: ಮೇಲ್ಮೈ ಒರಟು, ಅಭ್ರಕ ಅಂಟಿಕೊಂಡಿರುತ್ತದೆ, ನಡು ದಪ್ಪ, ತುದಿ ಸಣ್ಣ, ಪೀಪಾಯಿಯ ಆಕಾರ. ಇದನ್ನು ಅಳೆಯಲು ಕಲಿತವರಿಗೆ ಬೇರೆ ಹರಳುಗಳು ಸುಲಭ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಎರಡು ಮುಖಗಳ ನಡುವಿನ ಕೋನವನ್ನು ಎರಡು ರೀತಿ ಹೇಳಬಹುದು. ಕಲ್ಲಿನ ಒಳಗಿನಿಂದ ಅಳೆದರೆ ಒಳಕೋನ. ಎರಡು ಮುಖಗಳಿಗೂ ಲಂಬವಾಗಿ ರೇಖೆ ಎಳೆದು ಆ ರೇಖೆಗಳ ನಡುವೆ ಅಳೆದರೆ ಹೊರಕೋನ. ಎರಡನ್ನೂ ಕೂಡಿದರೆ 180. ಷಡ್ಭುಜ ಪಟ್ಟಕದಲ್ಲಿ (ಆರು ಪಕ್ಕದ ಕಂಬದಂಥ ಆಕಾರ) ಒಳಕೋನ 120, ಹೊರಕೋನ 60. ಖನಿಜಶಾಸ್ತ್ರದ ಕೋಷ್ಟಕಗಳು ಸಾಮಾನ್ಯವಾಗಿ ಹೊರಕೋನವನ್ನೇ ಕೊಡುತ್ತವೆ, ಆದರೆ ಕ್ಯಾಲ್ಸೈಟಿನ ಸೀಳುಕೋನವನ್ನು ಮಾತ್ರ 105 ಡಿಗ್ರಿ 5 ಮಿನಿಟು ಎಂದು ಒಳಕೋನದಲ್ಲಿ ಹೇಳುವ ರೂಢಿ ಹಾಗೇ ಉಳಿದಿದೆ. ಅದರ ಹೊರಕೋನ 74 ಡಿಗ್ರಿ 55 ಮಿನಿಟು. ನಿಮ್ಮ ನೋಟ್‌ಬುಕ್ಕಿನಲ್ಲಿ ಯಾವುದನ್ನಾದರೂ ಬರೆಯಿರಿ, ಪುಟದ ತಲೆಯಲ್ಲಿ ಯಾವುದು ಎಂದು ನಮೂದಿಸಿ. ಒಂದೇ ಪಟ್ಟಿಯಲ್ಲಿ ಎರಡನ್ನೂ ಬೆರೆಸಿದರೆ ಆಮೇಲೆ ಬಿಡಿಸುವುದು ಕಷ್ಟ. 90ರ ಆಸುಪಾಸಿನ ಕೋನಗಳಲ್ಲಂತೂ ಯಾವುದು ಯಾವುದೆಂದು ಊಹಿಸುವುದಕ್ಕೂ ಆಗುವುದಿಲ್ಲ.

ಉಪಕರಣಕ್ಕೆ ಬರುತ್ತೇನೆ. ಸ್ಪರ್ಶ ಗೋನಿಯೋಮೀಟರನ್ನು, ಅಂದರೆ ಮುಖಕ್ಕೆ ತಾಗಿಸಿ ಕೋನ ಅಳೆಯುವ ಉಪಕರಣವನ್ನು, ರೋಮೆ ದ ಲಿಲ್‌ಗಾಗಿ ಕೆಲಸ ಮಾಡುತ್ತಿದ್ದ ಕರಾಂಜೋ 1780ರಲ್ಲಿ ರೂಪಿಸಿದ. ಅದನ್ನು ನೀವು ಒಂದು ಸಂಜೆಯಲ್ಲಿ ಮಾಡಿಕೊಳ್ಳಬಹುದು. 10 ಸೆಂ.ಮೀ. ವ್ಯಾಸದ ಅರ್ಧವೃತ್ತದ ಕೋನಮಾಪಕ, 2 ಮಿ.ಮೀ. ದಪ್ಪದ ಪಾರದರ್ಶಕ ಅಕ್ರಿಲಿಕ್ ಪಟ್ಟಿ, 2 ಮಿ.ಮೀ.ನ ಒಂದು ಸ್ಕ್ರೂ ಮತ್ತು ನಟ್ಟು, ಇಷ್ಟು ಸಾಕು. ಪಟ್ಟಿಯ ಒಂದು ಅಂಚನ್ನು ಸಮತಟ್ಟಾದ ಗಾಜಿನ ಮೇಲೆ ಹರಡಿದ ನುಣ್ಣನೆಯ ಉಪ್ಪುಕಾಗದಕ್ಕೆ ಉಜ್ಜಿ ನೇರ ಮಾಡಿ. ಆ ಅಂಚಿಗೆ ಸಮಾಂತರವಾಗಿ ಪಟ್ಟಿಯ ಮೇಲೆ ಸೂಜಿಯಿಂದ ಒಂದು ಗೆರೆ ಕೊರೆದು ಶಾಯಿ ತುಂಬಿ. ಗೆರೆಯ ಮೇಲೆಯೇ ತೂತು ಕೊರೆದು, ಕೋನಮಾಪಕದ ಕೇಂದ್ರಕ್ಕೆ ಸ್ಕ್ರೂ ಹಾಕಿ ಜೋಡಿಸಿ. ಪಟ್ಟಿಯ ಹೊರಚಾಚಿದ ತುದಿ ಒಂದು ಮುಖಕ್ಕೆ, ಕೋನಮಾಪಕದ ತಳದ ಅಂಚು ಇನ್ನೊಂದು ಮುಖಕ್ಕೆ. ಓದುವುದು ಗೆರೆಯ ಕೆಳಗೆ.

ಇದರಲ್ಲಿ ತಪ್ಪುವುದು ಬಹುತೇಕ ತೂತಿನಲ್ಲೇ. 50 ಮಿ.ಮೀ. ತ್ರಿಜ್ಯದ ಮಾಪಕದಲ್ಲಿ ತೂತು ಕೇಂದ್ರದಿಂದ ಅರ್ಧ ಮಿ.ಮೀ. ಸರಿದರೆ ಓದುವಿಕೆ ಅರ್ಧ ಡಿಗ್ರಿಗಿಂತ ಹೆಚ್ಚು ತಪ್ಪಬಹುದು, 1 ಮಿ.ಮೀ. ಸರಿದರೆ ಒಂದು ಡಿಗ್ರಿ ದಾಟುತ್ತದೆ. ಇನ್ನೂ ತೊಂದರೆ ಏನೆಂದರೆ ಈ ತಪ್ಪು ಎಲ್ಲ ಕೋನಗಳಲ್ಲೂ ಒಂದೇ ಸಮ ಇರುವುದಿಲ್ಲ, ಹಾಗಾಗಿ ಒಂದು ಸಂಖ್ಯೆ ಕಳೆದು ಸರಿಪಡಿಸುವ ಹಾಗಿಲ್ಲ. ಆದ್ದರಿಂದ ಕಡಿಮೆ ಎಂದರೂ ಎರಡು ಕೋನಗಳಲ್ಲಿ ಪರೀಕ್ಷಿಸಿ. ಭೌತಶಾಸ್ತ್ರ ಲ್ಯಾಬಿನ ಗಾಜಿನ ಆಯತಾಕಾರದ ತುಂಡಿನಲ್ಲಿ 90 ಸಿಗುತ್ತದೆ, ಸಮಬಾಹು ಗಾಜಿನ ಪ್ರಿಸಂನಲ್ಲಿ ಒಳಕೋನ 60 ಸಿಗುತ್ತದೆ. ಎರಡೂ ಅರ್ಧ ಡಿಗ್ರಿಯೊಳಗೆ ಬಂದರೆ ಉಪಕರಣ ಸರಿ.

ಹರಳನ್ನು ಮೊದಲು ಸೋಪಿನ ನೀರಲ್ಲಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಮುಖದ ಮೇಲೆ ಉಳಿದ ಅಭ್ರಕದ ಪೊರೆಯೇ ಪಟ್ಟಿಯನ್ನು ಎತ್ತಿ ಹಿಡಿಯುತ್ತದೆ. ಬಿದಿರಿನ ಕಡ್ಡಿಯಿಂದ ಕೆರೆದರೆ ಕುರುಂದಕ್ಕೆ ಏನೂ ಆಗುವುದಿಲ್ಲ. ಕ್ಯಾಲ್ಸೈಟಿನ ಮೇಲೆ ಹಾಗೆ ಮಾಡಬೇಡಿ, ಅದರ ಗಡಸುತನ 3, ಮುಖ ಹಾಳಾಗುತ್ತದೆ. ಆಮ್ಲವನ್ನಂತೂ ಅದರ ಹತ್ತಿರ ತರಲೇಬೇಡಿ.

ಅಳೆಯುವಾಗ ಉಪಕರಣದ ಸಮತಲ ಎರಡು ಮುಖ ಕೂಡುವ ಅಂಚಿಗೆ ಲಂಬವಾಗಿರಬೇಕು. ಕೈ ಓರೆಯಾದರೆ ಕೋನ ತಪ್ಪುತ್ತದೆ, ಯಾವ ಕಡೆಗೆ ಓರೆಯಾಯಿತು ಎನ್ನುವುದರ ಮೇಲೆ ಹೆಚ್ಚೂ ಬರಬಹುದು, ಕಡಿಮೆಯೂ ಬರಬಹುದು. ಹರಳನ್ನೂ ಉಪಕರಣವನ್ನೂ ಒಟ್ಟಿಗೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ಪಟ್ಟಿಗೂ ಮುಖಕ್ಕೂ ನಡುವೆ ಬೆಳಕಿನ ಎಳೆ ಕಾಣಬಾರದು. ಒಂದು ತುದಿಯಲ್ಲಿ ಕಂಡರೆ ಕೋನ ಸರಿಯಾಗಿ ಕೂತಿಲ್ಲ. ಪಟ್ಟಿಯ ಎರಡು ತುದಿಯಲ್ಲೂ ಕಂಡು ನಡುವೆ ಮುಚ್ಚಿದ್ದರೆ ಆ ಮುಖವೇ ಉಬ್ಬಿದೆ. ಅಂಥ ಕಡೆ ಪಟ್ಟಿಯನ್ನು ಒತ್ತಿ ಕೂರಿಸಬೇಡಿ. ಮುಖ ಉಬ್ಬಿದೆ ಎಂದು ಬರೆಯಿರಿ, ಬುಡ, ನಡು, ತುದಿ ಮೂರು ಕಡೆ ಅಳೆದು ಮೂರನ್ನೂ ಬರೆಯಿರಿ. ಓದುವಿಕೆ ಅರ್ಧ ಡಿಗ್ರಿವರೆಗೆ ಸಾಕು, ಅದಕ್ಕಿಂತ ಸೂಕ್ಷ್ಮವಾಗಿ ಬರೆದರೆ ಉಪಕರಣಕ್ಕೆ ಇಲ್ಲದ ಶಕ್ತಿಯನ್ನು ನಾವು ಹೊರಿಸಿದಂತೆ.

ಅಳತೆ ಶುರು ಮಾಡುವ ಮುಂಚೆ ಪ್ರತಿ ಮುಖಕ್ಕೂ ಮಾರ್ಕರ್‌ನಲ್ಲಿ ಸಂಖ್ಯೆ ಹಾಕಿ, ಒಂದು ಚಿತ್ರ ಬರೆದುಕೊಳ್ಳಿ. ಚಿತ್ರ ಚೆನ್ನಾಗಿರಬೇಕಿಲ್ಲ, ಯಾವ ಮುಖದ ಪಕ್ಕ ಯಾವುದು ಎಂದು ಗೊತ್ತಾದರೆ ಸಾಕು. ಆಮೇಲೆ ವಲಯ ವಲಯವಾಗಿ ಹೋಗಿ. ಅಂಚುಗಳೆಲ್ಲ ಪರಸ್ಪರ ಸಮಾಂತರವಾಗಿರುವ ಮುಖಗಳ ಸಾಲಿಗೆ ವಲಯ ಎನ್ನುತ್ತೇವೆ. ಒಂದು ವಲಯವನ್ನು ಸುತ್ತಿ ಬಂದರೆ ಹೊರಕೋನಗಳ ಮೊತ್ತ 360 ಆಗಲೇಬೇಕು. ಕೈಯಲ್ಲೇ ಇರುವ ಪರೀಕ್ಷೆ ಇದು. 357 ಬಂದರೆ ಎಲ್ಲೋ ಕೈ ಓರೆಯಾಗಿದೆ, ಅಥವಾ ಒಂದು ಕಡೆ ಪಟ್ಟಿ ಮುಖದ ಬದಲು ಕಣ್ಣಿಗೆ ಬೀಳದ ಒಂದು ಸಣ್ಣ ಮುಖದ ಮೇಲೆ ಕೂತಿದೆ. ಭೂತಗನ್ನಡಿ ಹಿಡಿದು ಆ ಅಂಚನ್ನೇ ಮತ್ತೆ ನೋಡಿ.

ಈಗ ಕುರುಂದ. ಚಪ್ಪಟೆ ತುದಿಯ ಮುಖಕ್ಕೆ ಸಿ ಎಂದು ಹೆಸರು. ಅದರ ಮೇಲೆ ಮೂರು ದಿಕ್ಕಿನ ಗೀರುಗಳು ಕೂಡಿ ತ್ರಿಕೋನಗಳು ಕಾಣುವುದುಂಟು. ನೇರ ನಿಂತ ಪಟ್ಟಕದ ಆರು ಮುಖ ಎ. ಸಿಯಿಂದ ಎಗೆ 90. ಇವೆರಡರ ನಡುವೆ ಇಳಿಜಾರಾಗಿ ಕೂತ ಮುಖ ಯಾವುದು ಎನ್ನುವುದೇ ಪ್ರಶ್ನೆ. ಸಿಯಿಂದ ಆ ಮುಖಕ್ಕೆ ಆರು ಕಡೆ ಅಳೆದು 61, 60.5, 62, 61, 61.5, 61 ಬಂತೆನ್ನಿ. ಸರಾಸರಿ 61.2. ಇದರಿಂದ ಮಿಲ್ಲರ್ ಸೂಚ್ಯಂಕಕ್ಕೆ, ಅಂದರೆ ಹರಳಿನ ಅಕ್ಷಗಳಿಗೆ ಮುಖ ಹೇಗೆ ಓರೆಯಾಗಿದೆ ಎಂದು ಹೇಳುವ ಪೂರ್ಣಾಂಕಗಳಿಗೆ, ಹೋಗುವುದು ಹೇಗೆ? ಕುರುಂದದ ಅಕ್ಷಗಳ ಅನುಪಾತ (ನೆಟ್ಟನೆಯ ಅಕ್ಷವನ್ನು ಅಡ್ಡ ಅಕ್ಷದಿಂದ ಭಾಗಿಸಿದ್ದು), ಹಳೆಯ ಪುಸ್ತಕಗಳಲ್ಲಿ, 1.363. ಎ ಮುಖದ ನೇರ ಮೇಲೆ ಬರುವ ಮುಖಗಳಿಗೆ ಸೂತ್ರ ಸರಳ: ಕೋನದ ಟ್ಯಾಂಜೆಂಟನ್ನು ಈ ಅನುಪಾತದಿಂದ ಭಾಗಿಸಿದರೆ, ಮೊದಲ ಸೂಚ್ಯಂಕದ ಎರಡರಷ್ಟನ್ನು ಕೊನೆಯ ಸೂಚ್ಯಂಕದಿಂದ ಭಾಗಿಸಿದ್ದಕ್ಕೆ ಸಮ. 61.2ರ ಟ್ಯಾಂಜೆಂಟ್ 1.82. ಭಾಗ 1.363. ಬಂದದ್ದು 1.33, ಅಂದರೆ 4/3. ಹಾಗಾದರೆ ಮೊದಲ ಸೂಚ್ಯಂಕ 2, ಕೊನೆಯದು 3. ಮುಖ (2 2 -4 3), ಹೆಸರು ಎನ್. ಲೆಕ್ಕದ ಪ್ರಕಾರ ಇರಬೇಕಾದ ಕೋನ 61 ಡಿಗ್ರಿ 11 ಮಿನಿಟು. ತಾಳೆ ನೋಡಲು ಇನ್ನೊಂದು ಅಳತೆ: ಅಕ್ಕಪಕ್ಕದ ಎರಡು ಎನ್ ಮುಖಗಳ ನಡುವೆ 51 ಡಿಗ್ರಿ 58 ಮಿನಿಟು ಇರಬೇಕು. ನಿಮ್ಮ ಉಪಕರಣದಲ್ಲಿ 52 ಬಂದರೆ ಗುರುತು ಗಟ್ಟಿ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎಷ್ಟೋ ವರದಿಗಳು ಕೆಡುವುದು ಇಲ್ಲೇ. ಅಳತೆಯಲ್ಲಿ ಒಂದು ಡಿಗ್ರಿ ಆಚೀಚೆ ಆದರೆ ಏನಾಗುತ್ತದೆ? 60.2ಕ್ಕೆ ಭಾಗಲಬ್ಧ 1.28, 62.2ಕ್ಕೆ 1.39. ಇವುಗಳ ನಡುವೆ ಸರಳ ಭಿನ್ನರಾಶಿ ಎಂದರೆ 4/3 ಒಂದೇ, ಹಾಗಾಗಿ ಎನ್ ಬಗ್ಗೆ ಧೈರ್ಯವಾಗಿ ಹೇಳಬಹುದು. ಆದರೆ ಕುರುಂದದಲ್ಲಿ ಇನ್ನೂ ಕಡಿದಾದ ಮುಖಗಳಿವೆ. ಸಿಯಿಂದ 74 ಡಿಗ್ರಿ 37 ಮಿನಿಟಿನಲ್ಲಿ (4 4 -8 3), 79 ಡಿಗ್ರಿ 37 ಮಿನಿಟಿನಲ್ಲಿ (2 2 -4 1). ಈ ಎರಡನೆಯದನ್ನು ಒಂದು ಡಿಗ್ರಿ ತಪ್ಪಿನೊಡನೆ ಲೆಕ್ಕ ಹಾಕಿ: ಭಾಗಲಬ್ಧ 3.64ರಿಂದ 4.43ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. 4 ಬರಬಹುದು, 11/3 ಬರಬಹುದು, 13/3 ಬರಬಹುದು. ಟ್ಯಾಂಜೆಂಟ್ 90ರ ಹತ್ತಿರ ಹೋದಂತೆ ಜೋರಾಗಿ ಏರುತ್ತದೆ, ಅದರಿಂದ ಅದೇ ಒಂದು ಡಿಗ್ರಿ ಇಲ್ಲಿ ದುಬಾರಿ. ಪೀಪಾಯಿ ಆಕಾರದ ಕುರುಂದದಲ್ಲಿ ಪಕ್ಕದ ಮುಖಗಳು ಹೆಚ್ಚಾಗಿ ಇಂಥ ಕಡಿದಾದವೇ, ಅದೂ ಒಂದರ ಮೇಲೊಂದು ಸಣ್ಣ ಮೆಟ್ಟಿಲಾಗಿ ಬಂದು ಅಡ್ಡ ಗೀರುಗಳಂತೆ ಕಾಣುತ್ತವೆ. ಅಲ್ಲಿ ಸೂಚ್ಯಂಕ ಬರೆಯುವ ಆಸೆ ಬಿಡಿ. "ಸಿಯಿಂದ 78ರಿಂದ 81 ಡಿಗ್ರಿ, ಅಡ್ಡ ಗೀರು, ಮುಖ ಉಬ್ಬಿದೆ" ಎಂದು ಬರೆದರೆ ಅದು ಪೂರ್ಣ ಪ್ರಾಮಾಣಿಕ ವಿವರಣೆ, ಮುಂದೆ ಬರುವವರಿಗೆ ಉಪಯೋಗಕ್ಕೂ ಬರುತ್ತದೆ.

ಇನ್ನೊಂದು ಮುಖ ಆರ್. ಸಿಯಿಂದ 57 ಡಿಗ್ರಿ 34 ಮಿನಿಟು. ಎನ್‌ಗೂ ಇದಕ್ಕೂ ಮೂರೂವರೆ ಡಿಗ್ರಿ ಅಷ್ಟೇ ಅಂತರ, ಒರಟು ಹರಳಿನಲ್ಲಿ ಸಂಖ್ಯೆ ಒಂದನ್ನೇ ನಂಬಿದರೆ ಅದಲುಬದಲಾಗುತ್ತದೆ. ಜಾಗ ನೋಡಿ. ಎನ್ ಮುಖ ಎ ಮುಖದ ನೇರ ಮೇಲೆ ಕೂತಿರುತ್ತದೆ, ಆರ್ ಮುಖ ಎರಡು ಎ ಮುಖ ಕೂಡುವ ಅಂಚಿನ ಮೇಲೆ ಕೂತಿರುತ್ತದೆ. ಒಂದು ತುದಿಯಲ್ಲಿ ಎನ್ ಆರು, ಆರ್ ಮೂರು. ಜೊತೆಗೆ ಕುರುಂದ ಆರ್ ಮತ್ತು ಸಿ ದಿಕ್ಕುಗಳಲ್ಲಿ ಒಡೆಯುವ ಸ್ವಭಾವದ್ದು. ಒಡೆದ ತಲ ಮೆಟ್ಟಿಲು ಮೆಟ್ಟಿಲಾಗಿ ಇರುತ್ತದೆ, ಅದಕ್ಕೆ ಸಮಾಂತರವಾದ ಬಿರುಕುಗಳು ಕಲ್ಲಿನ ಒಳಗೂ ಕಾಣುತ್ತವೆ. ಬೆಳೆದ ಮುಖ ಹೊರಗಡೆ ಮಾತ್ರ ಇರುತ್ತದೆ. ಒಡೆದ ತಲದ ಕೋನವನ್ನೂ ಅಳೆಯಬಹುದು, ದಿಕ್ಕು ಹಿಡಿಯಲು ಅದು ತುಂಬ ಸಹಾಯ, ಆದರೆ ಹರಳಿನ ರೂಪಗಳ ಪಟ್ಟಿಗೆ ಸೇರಿಸಬಾರದು.

ಹಳೆಯ ಪುಸ್ತಕ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಎಕ್ಸ್‌ಕಿರಣದಿಂದ ಅಣುಜೋಡಣೆ ಅಳೆದ ಮೇಲೆ ಕುರುಂದದ ಅನುಪಾತ 2.73 ಎಂದಾಯಿತು, ಹಿಂದಿನದರ ಎರಡರಷ್ಟು. ಅದರಿಂದ ಅದೇ ಮುಖಗಳ ಸೂಚ್ಯಂಕ ಬದಲಾಯಿತು. ಹಳೆಯ (1 0 -1 1), ಅಂದರೆ ಆರ್ ಮುಖ, ಈಗ (1 0 -1 2), ಹಳೆಯ (2 2 -4 3) ಈಗ (1 1 -2 3). ಕ್ಯಾಲ್ಸೈಟಿನಲ್ಲಿ ಇದು ನಾಲ್ಕು ಪಟ್ಟು ಬದಲಾಗಿದೆ, ಅದರ ಸೀಳುಮುಖ ಒಂದು ಪುಸ್ತಕದಲ್ಲಿ (1 0 -1 1), ಇನ್ನೊಂದರಲ್ಲಿ (1 0 -1 4). ಎರಡೂ ಸರಿ. ಹಾಗಾಗಿ ಸೂಚ್ಯಂಕದ ಪಕ್ಕದಲ್ಲಿ ಯಾವ ಅನುಪಾತ ಹಿಡಿದಿದ್ದೀರಿ ಎಂದು ಬರೆಯದಿದ್ದರೆ ಸೂಚ್ಯಂಕಕ್ಕೆ ಅರ್ಥವೇ ಇಲ್ಲ. ಅಳೆದ ಕೋನ ಮಾತ್ರ ಯಾವ ಪುಸ್ತಕ ಬದಲಾದರೂ ಬದಲಾಗದು, ಅದನ್ನು ಬಿಡದೆ ಬರೆಯಿರಿ.

ಸಣ್ಣ, ಹೊಳೆಯುವ ಹರಳುಗಳ ಕಥೆ ಬೇರೆ. 2ರಿಂದ 5 ಮಿ.ಮೀ. ಗಾರ್ನೆಟ್, ಪೈರೈಟ್, ಬೆಣಚುಕಲ್ಲು ಇವುಗಳಿಗೆ ಪಟ್ಟಿ ತಾಗಿಸಲಾಗುವುದಿಲ್ಲ, ಪ್ರತಿಫಲನ ಬೇಕು. ಇಂಗ್ಲೆಂಡಿನ ವಿಜ್ಞಾನಿ ವೊಲಾಸ್ಟನ್ 1809ರಲ್ಲಿ ತೋರಿಸಿದ ಪ್ರತಿಫಲನ ಗೋನಿಯೋಮೀಟರಿನ ಕೆಲಸವನ್ನು ನಿಮ್ಮ ಕಾಲೇಜಿನ ಭೌತಶಾಸ್ತ್ರ ಲ್ಯಾಬಿನ ಸ್ಪೆಕ್ಟ್ರೋಮೀಟರ್ ಚೆನ್ನಾಗಿ ಮಾಡುತ್ತದೆ. ಪ್ರಿಸಂ ಮೇಜನ್ನು ತಿರುಗಿಸಿ ಪ್ರಿಸಂ ಕೋನ ಕಂಡುಹಿಡಿಯುವಾಗ ಬಂದ ಸಂಖ್ಯೆಯನ್ನು 180ರಿಂದ ಕಳೆಯುತ್ತೀರಲ್ಲ, ಆ ಕಳೆಯುವ ಮುಂಚಿನ ಸಂಖ್ಯೆಯೇ ನಮ್ಮ ಹೊರಕೋನ.

ಪ್ರಿಸಂ ಬದಲು ಒಂದು ಉಂಡೆ ಮೇಣದ ಮೇಲೆ ಹರಳನ್ನು ನಿಲ್ಲಿಸಿ, ಅಳೆಯಬೇಕಾದ ಅಂಚು ನೆಟ್ಟಗಿರಲಿ. ಟೆಲಿಸ್ಕೋಪನ್ನು ಕಾಲಿಮೇಟರಿಗೆ (ಸೀಳಿನಿಂದ ಬೆಳಕು ಕೊಡುವ ಕೊಳವೆ) ಸುಮಾರು 90 ಡಿಗ್ರಿಯಲ್ಲಿ ಬಿಗಿಯಿರಿ, ಮತ್ತೆ ಮುಟ್ಟಬೇಡಿ. ಮೊದಲ ಮುಖ ಮೇಜಿನ ಎರಡು ಮಟ್ಟದ ಸ್ಕ್ರೂಗಳನ್ನು ಸೇರಿಸುವ ರೇಖೆಗೆ ಲಂಬವಾಗಿ ಬರುವ ಹಾಗೆ ಕೂರಿಸಿ. ಆ ಮುಖದಿಂದ ಬಂದ ಸೀಳುಕಿಂಡಿಯ ಬಿಂಬವನ್ನು ಈ ಎರಡು ಸ್ಕ್ರೂಗಳಿಂದ ನಡುವಿಗೆ ತನ್ನಿ. ಮೇಜು ತಿರುಗಿಸಿ ಎರಡನೇ ಮುಖದ ಬಿಂಬ ಹಿಡಿದು, ಅದನ್ನು ಮೂರನೇ ಸ್ಕ್ರೂ ಒಂದರಿಂದಲೇ ಸರಿಪಡಿಸಿ. ಮೂರನೆಯದನ್ನು ತಿರುಗಿಸಿದರೆ ಮೇಜು ಮೊದಲ ಮುಖದ ಲಂಬರೇಖೆಯ ಸುತ್ತಲೇ ವಾಲುವುದರಿಂದ ಮೊದಲು ಹೊಂದಿಸಿದ್ದು ಕೆಡುವುದಿಲ್ಲ. ಈ ಕ್ರಮ ಬಿಟ್ಟು ಮೂರೂ ಸ್ಕ್ರೂಗಳನ್ನು ಸಿಕ್ಕಸಿಕ್ಕಂತೆ ತಿರುಗಿಸುವವರು ಅರ್ಧ ದಿನ ಕಳೆದರೂ ಮುಗಿಸುವುದಿಲ್ಲ. ಎರಡೂ ಬಿಂಬ ಅಡ್ಡಗೆರೆಯ ಮೇಲೆ ಒಂದೇ ಎತ್ತರದಲ್ಲಿ ಬಂದ ಮೇಲೆ ಮೇಜಿನ ಜೊತೆ ವರ್ನಿಯರ್ (ಮಿನಿಟು ಓದುವ ಚಿಕ್ಕ ಮಾಪಕ) ತಿರುಗುವಂತೆ ಬಿಗಿದು, ಎರಡೂ ವರ್ನಿಯರ್ ಓದಿ ಸರಾಸರಿ ತೆಗೆಯಿರಿ. ಒಂದೇ ವರ್ನಿಯರ್ ಓದಿದರೆ ಮಾಪಕದ ಕೇಂದ್ರ ತಪ್ಪಿರುವ ದೋಷ ಹಾಗೇ ಉಳಿಯುತ್ತದೆ. ಒಳ್ಳೆಯ ಬೆಣಚುಕಲ್ಲಿನಲ್ಲಿ ತುದಿಯ ಅಕ್ಕಪಕ್ಕದ ಎರಡು ಇಳಿಜಾರು ಮುಖಗಳ ನಡುವೆ 46 ಡಿಗ್ರಿ 16 ಮಿನಿಟು ಬರಬೇಕು, ಅಭ್ಯಾಸಕ್ಕೆ ಅದನ್ನೇ ತೆಗೆದುಕೊಳ್ಳಿ.

ಒಂದು ಮುಖದಿಂದ ಎರಡು ಮೂರು ಬಿಂಬ ಬಂದರೆ ಆ ಮುಖ ನಿಜಕ್ಕೂ ಒಂದಲ್ಲ, ಒಂದಕ್ಕೊಂದು ತೀರ ಹತ್ತಿರದ ಕೋನದ ತುಂಡುಗಳಿವೆ. ಎಲ್ಲ ಬಿಂಬಗಳನ್ನೂ ಓದಿ, ಪ್ರಕಾಶಮಾನವಾದದ್ದರ ಕೆಳಗೆ ಗೆರೆ ಎಳೆಯಿರಿ. ಬಿಂಬ ಉದ್ದನೆಯ ಪಟ್ಟೆಯಾಗಿ ಎಳೆದುಕೊಂಡರೆ ಅಂಚಿಗೆ ಸಮಾಂತರ ಗೀರುಗಳಿವೆ. ಬಣ್ಣಬಣ್ಣದ ಬಿಂಬ ಕಂಡರೆ ಅದು ಹರಳಿನ ಒಳಹೊಕ್ಕು ಬಂದ ಬೆಳಕು, ಲೆಕ್ಕಕ್ಕೆ ಬೇಡ.

ಸ್ಪೆಕ್ಟ್ರೋಮೀಟರ್ ಸಿಗದ ಶಾಲೆಗಳಲ್ಲಿ ಲೇಸರ್ ಸೂಚಕ ಸಾಕು. ತಿರುಗುವ ಕೋನಮಾಪಕದ ಮೇಲೆ ಹರಳಿಟ್ಟು, 3 ಮೀಟರ್ ದೂರದ ಗೋಡೆಯ ಮೇಲೆ ಬಿದ್ದ ಚುಕ್ಕೆಗೆ ಗುರುತು ಹಾಕಿ, ಮುಂದಿನ ಮುಖದ ಚುಕ್ಕೆ ಅದೇ ಗುರುತಿಗೆ ಬರುವತನಕ ತಿರುಗಿಸಿ. ಚುಕ್ಕೆ 1 ಸೆಂ.ಮೀ. ತಪ್ಪಿದರೂ ಹರಳಿನ ಲೆಕ್ಕದಲ್ಲಿ ಅದು ಸುಮಾರು 6 ಮಿನಿಟು ಮಾತ್ರ. ಅಳೆಯುವ ಅಂಚು ಮಾತ್ರ ತಿರುಗುವ ಅಕ್ಷದ ಮೇಲೇ ಇರಬೇಕು. ಮಕ್ಕಳಿದ್ದರೆ ಲೇಸರನ್ನು ಸ್ಟ್ಯಾಂಡಿಗೆ ಕಟ್ಟಿ, ಕೈಗೆ ಕೊಡಬೇಡಿ, ಪ್ರತಿಫಲಿಸಿದ ಕಿರಣ ಕಣ್ಣಿನ ಮಟ್ಟಕ್ಕೆ ಬರದಂತೆ ನೋಡಿಕೊಳ್ಳಿ.

ಕೋಲಾರದಿಂದ ಬಂದವರು ಚಿನ್ನದ ಗಣಿಯ ಬೆಣಚುಕಲ್ಲನ್ನು ತಂದು ಅಳೆಯಬಹುದೇ ಎಂದು ಕೇಳಿದಿರಿ. ಕೆ.ಜಿ.ಎಫ್. ಗಣಿಗಳು 2001ರಲ್ಲಿ ಮುಚ್ಚಿದವು, ಆದರೆ ಆ ಕಲ್ಲು ಎಷ್ಟೋ ಮನೆಗಳಲ್ಲಿದೆ. ಅದು ಹೆಚ್ಚಾಗಿ ಬಿರುಕನ್ನು ಪೂರ್ತಿ ತುಂಬಿ ಬೆಳೆದ ಬೆಣಚುಕಲ್ಲು. ತೆರೆದ ಜಾಗ ಇಲ್ಲದ ಕಡೆ ಹರಳಿಗೆ ಮುಖವೇ ಬರುವುದಿಲ್ಲ. ಅದರಲ್ಲಿ ಮಿನುಗುವುದು ಒಡೆದ ತಲ, ಸಾಮಾನ್ಯವಾಗಿ ಬಾಗಿರುತ್ತದೆ. ಒಂದೇ ತುಂಡಿನ ಹತ್ತು ಕಡೆ ಅಳೆದರೆ ಹತ್ತು ಕೋನ ಬರುತ್ತದೆ. ಮುಖವಿರುವ ಹರಳು ಬೇಕಾದರೆ ಟೊಳ್ಳು ಇರುವ ಸೀಳುಗಳಲ್ಲಿ ಹುಡುಕಬೇಕು. ನಮ್ಮ ಜಿಲ್ಲೆಯವರಿಗೆ ಇನ್ನೊಂದು ಅನುಕೂಲ ಇದೆ. ರಾಮನಗರದಿಂದ ಉತ್ತರಕ್ಕೆ ಪಾವಗಡದತ್ತ ಹೋಗುವ ಕ್ಲೋಸ್‌ಪೇಟೆ ಗ್ರಾನೈಟಿನಲ್ಲಿ ದೊಡ್ಡ ದೊಡ್ಡ ಫೆಲ್ಡ್‌ಸ್ಪಾರ್ ಹರಳುಗಳು ಕಲ್ಲಿನೊಳಗೇ ಕೂತಿವೆ. ಹೊಸದಾಗಿ ಒಡೆದ ಕಲ್ಲನ್ನು ಬಿಸಿಲಿಗೆ ಹಿಡಿದು ನಿಧಾನ ತಿರುಗಿಸಿ. ಕೆಲವು ಹರಳುಗಳಲ್ಲಿ ಉದ್ದಕ್ಕೆ ಅರ್ಧ ಭಾಗ ಮಾತ್ರ ಹೊಳೆಯುತ್ತದೆ, ಇನ್ನಷ್ಟು ತಿರುಗಿಸಿದಾಗ ಉಳಿದರ್ಧ ಹೊಳೆದು ಮೊದಲಿನದು ಆರುತ್ತದೆ. ಕಾರ್ಲ್ಸ್‌ಬಾಡ್ ಅವಳಿ ಅದು, ಅಂದರೆ ಬೇರೆ ಬೇರೆ ದಿಕ್ಕಿನ ಎರಡು ಹರಳು ನಿಯಮಬದ್ಧವಾಗಿ ಕೂಡಿ ಬೆಳೆದದ್ದು. ಅಳೆಯಲಾಗದಿದ್ದರೂ ಅವಳಿ ಎಂದು ಬರೆಯಲೇಬೇಕು.

ಬರೆಯುವ ಮಾದರಿ ಒಂದು ಓದುತ್ತೇನೆ. "ಕುರುಂದ. ಕಂದು ಬೂದು. ಉದ್ದ 31, ನಡುವಿನ ಅಗಲ 18 ಮಿ.ಮೀ. ಪೀಪಾಯಿ ಆಕಾರ. ಮೇಲಿನ ತುದಿ ಪೂರ್ಣ, ಕೆಳಗಿನದು ಮುರಿದಿದೆ. ಸಿ: ಅಗಲ, ತ್ರಿಕೋನ ಗೀರು. ಎನ್: ಆರು, ಅಗಲ ಅಸಮ, ಮಬ್ಬು. ಪಕ್ಕದ ಮುಖ: ಅಡ್ಡ ಗೀರು, ಉಬ್ಬು, ಸಿಯಿಂದ 78ರಿಂದ 81, ಸೂಚ್ಯಂಕ ಕೊಟ್ಟಿಲ್ಲ. ಆರ್: ಒಡೆದ ತಲ ಮಾತ್ರ. ಸಿ-ಎನ್ ಹೊರಕೋನ 60.5ರಿಂದ 62, ಆರು ಅಳತೆ, ಸರಾಸರಿ 61.2. ಎನ್-ಎನ್ 51.5ರಿಂದ 52.5. ಸ್ಪರ್ಶ ಗೋನಿಯೋಮೀಟರ್, ಅರ್ಧ ಡಿಗ್ರಿವರೆಗೆ. ಅನುಪಾತ 1.363." ಇದರಲ್ಲಿ "ಸುಂದರ", "ಪರಿಪೂರ್ಣ" ಎಂಬ ಮಾತು ಇಲ್ಲ ಗಮನಿಸಿ. ಸರಾಸರಿ ಒಂದನ್ನೇ ಬರೆದು ಉಳಿದ ಅಳತೆಗಳನ್ನು ಎಸೆಯುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ. ಅಳತೆಗಳು ಎಷ್ಟು ಚದುರಿವೆ ಎನ್ನುವುದೇ ಮುಖ ಎಷ್ಟು ಚೆನ್ನಾಗಿದೆ ಎಂಬುದನ್ನು ಹೇಳುತ್ತದೆ.

1912ರಲ್ಲಿ ಎಕ್ಸ್‌ಕಿರಣದ ದಾರಿ ತೆರೆದ ಮೇಲೆ ಇದೆಲ್ಲ ಏಕೆ ಎಂಬ ಪ್ರಶ್ನೆ ಬಂದಿದೆ. ಕಲ್ಲನ್ನು ಪುಡಿ ಮಾಡಿ ಎಕ್ಸ್‌ಕಿರಣಕ್ಕೆ ಒಡ್ಡಿದರೆ ಅದು ಕುರುಂದ ಎಂದು ಖಚಿತವಾಗುತ್ತದೆ. ಆದರೆ ಆ ಹರಳಿಗೆ ಎನ್ ಬಂದಿತ್ತೋ ಆರ್ ಬಂದಿತ್ತೋ, ಗಿಡ್ಡವಾಗಿ ಬೆಳೆದಿತ್ತೋ ಪೀಪಾಯಿಯಾಗಿಯೋ, ಪುಡಿ ಹೇಳುವುದಿಲ್ಲ. ಬೆಳೆದ ಪರಿಸ್ಥಿತಿಯ ಸುಳಿವು ಇರುವುದು ಅಲ್ಲಿ. ಎರಡೂ ಬೇಕು, ಅಳತೆ ಮೊದಲು, ಪುಡಿ ಆಮೇಲೆ.

ಕೊನೆಯದಾಗಿ, ಅಳೆದ ಹರಳುಗಳನ್ನು ಇಡುವ ಬಗ್ಗೆ. ಚೀಟಿಯಲ್ಲಿ ಸಂಖ್ಯೆ, ಊರು, ಹೊಲವೋ ಹಳ್ಳವೋ ಬಂಡೆಯೋ ಎಂಬುದು ಇರಲಿ, ಅದೇ ಸಂಖ್ಯೆಯನ್ನು ಹರಳಿನ ಮುರಿದ ಕಡೆ ಬಿಳಿ ಬಣ್ಣದ ಚುಕ್ಕೆಯ ಮೇಲೂ ಬರೆಯಿರಿ, ಮುಖದ ಮೇಲೆ ಬೇಡ. ಕುರುಂದವನ್ನು ಬೇರೆ ಹರಳುಗಳ ಜೊತೆ ಒಂದೇ ಡಬ್ಬಿಯಲ್ಲಿ ಹಾಕಬೇಡಿ. ಬಸ್ಸಿನಲ್ಲಿ ಪಾವಗಡದಿಂದ ತುಮಕೂರಿಗೆ ಬರುವಷ್ಟರಲ್ಲಿ ಅದು ಬೆಣಚುಕಲ್ಲಿನ ಮುಖಗಳನ್ನೆಲ್ಲ ಗೀರಿರುತ್ತದೆ. ಒಂದೊಂದನ್ನೂ ಬೇರೆ ಬೇರೆ ಹತ್ತಿಯಲ್ಲಿ ಸುತ್ತಿ ತನ್ನಿ.